ಅಮ್ಮನಿಗೆ ನಿದ್ದೆ ಬರುವಂಥ ಎಸಿ: ನಮ್ಮ ವ್ಯಾನಿನ ಆರು ತಿಂಗಳ ರಾಮಾಯಣ

ಮೊದ್ಲೇ ಹೇಳಿಬಿಡ್ತೇನೆ, ನಾನು ಎಸಿ ಮೆಕ್ಯಾನಿಕ್ ಅಲ್ಲ. ಮನೆ ಉಡುಪಿ ಹತ್ರ, ಹೊಟ್ಟೆಪಾಡು ಕಂಪ್ಯೂಟರ್ ಮುಂದೆ, ಶನಿವಾರ ಭಾನುವಾರ ಬಂತಂದ್ರೆ ಈ ವ್ಯಾನಿನ ಅಡಿಯಲ್ಲಿ. ಹಳೇ ಟೆಂಪೋ ಟ್ರಾವೆಲರ್ ಒಂದು ತಗೊಂಡು ಸೀಟೆಲ್ಲ ಕಿತ್ತು, ಮಂಚ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕು ಎಲ್ಲ ಮಾಡಿ ಮುಗಿದಿತ್ತು. (ಗಾಡಿಯ ರೂಪ ಬದಲಿಸುವ ಮೊದಲು ಆರ್‌ಟಿಒ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆ ಕತೆ ಇನ್ನೊಂದು ದಿನ ಹೇಳ್ತೇನೆ, ಅದಕ್ಕೇ ಬೇರೆ ತಲೆನೋವಿನ ಮಾತ್ರೆ ಬೇಕು.) ಉಳಿದದ್ದು ಒಂದೇ, ಸೆಕೆ.

ಕರಾವಳಿಯವರಿಗೆ ಸೆಕೆ ಅಂದ್ರೆ ಎಂತ ಅಂತ ಹೇಳುವ ಅಗತ್ಯ ಇಲ್ಲ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೆರಡಕ್ಕೂ 28 ಡಿಗ್ರಿ, ಗಾಳಿಯಲ್ಲಿ ನೀರು, ತಗಡಿನ ಡಬ್ಬದೊಳಗೆ ಮೂರು ಜನ. ಗಾಡಿಯಲ್ಲಿ ಮೊದ್ಲಿಂದ ಇದ್ದ ಎಸಿ ಇಂಜಿನ್ ಬೆಲ್ಟಿನಲ್ಲಿ ತಿರುಗುವುದು, ಇಂಜಿನ್ ಆಫ್ ಆದ್ರೆ ಅದೂ ಆಫ್. ಇಂಜಿನ್ ಆನ್ ಇಟ್ಟು ಮಲಗುವುದು, ಜನರೇಟರ್ ಇಟ್ಟು ಮಲಗುವುದು ಎರಡನ್ನೂ ನಾನು ಮೊದಲ ದಿನವೇ ಕಾಟು ಹೊಡೆದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತದ್ದು ಜನರೇಟರಿನ ಕಾರ್ಬನ್ ಮೊನಾಕ್ಸೈಡ್‌ನಿಂದಲೇ. ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ, ಗೊತ್ತೇ ಆಗುವುದಿಲ್ಲ. ಹಾಗಾಗಿ ಬ್ಯಾಟರಿಯಲ್ಲಿ ಓಡ್ಬೇಕು, ಇಲ್ಲಾಂದ್ರೆ ಹೋಮ್‌ಸ್ಟೇಯವರ 15 ಆಂಪ್ ಪ್ಲಗ್ಗಿನಲ್ಲಿ ಓಡ್ಬೇಕು.

ಎರಡನೇ ಷರತ್ತು ಅಮ್ಮನದ್ದು. ಅಮ್ಮನ ನಿದ್ದೆ ಹೇಗೆ ಅಂದ್ರೆ ಅಂಗಳದಲ್ಲಿ ಹಲಸಿನೆಲೆ ಬಿದ್ರೂ "ಯಾರದು" ಅಂತ ಎದ್ದು ಕೂರ್ತಾರೆ. "ತಂಪು ಸ್ವಲ್ಪ ಕಡ್ಮೆ ಆದ್ರೂ ತೊಂದ್ರೆ ಇಲ್ಲ ಮಾರಾಯ, ಸದ್ದು ಮಾತ್ರ ಬೇಡ" ಅಂದ್ರು. ಈ ಒಂದು ಮಾತಿಗೆ ನನ್ನ ಆರು ತಿಂಗಳು ಹೋಯ್ತು.

ಶುರುವಿಗೆ ಪೋರ್ಟಬಲ್ ಎಸಿ ನೋಡಿದ್ದು, ಅದು ಬಾವನ ಆಫೀಸಲ್ಲಿ ಸುಮ್ನೆ ಬಿದ್ದಿತ್ತು, 1 ಟನ್ನು, ಚಕ್ರ ಇರುವ ಡಬ್ಬ, ಹಿಂದೆ ಆನೆ ಸೊಂಡಿಲಿನ ಹಾಗೆ ಪೈಪು. ಕಿಟಕಿಯಲ್ಲಿ ಪೈಪ್ ತೂರಿಸಿ ಸುತ್ತ ಥರ್ಮಾಕೋಲ್ ಅಂಟಿಸಿ ಒಂದು ರಾತ್ರಿ ಮಲಗಿದೆವು. ಇದ್ರ ತಾಪತ್ರಯ ಎರಡು. ಕಂಪ್ರೆಸರ್ ನಿಮ್ಮ ಜೊತೆ ರೂಮಿನೊಳಗೇ ಇರ್ತದೆ, ಅದೊಂದು. ಇನ್ನೊಂದು, ಒಂದೇ ಪೈಪಿನ ಮಾಡೆಲ್ ಆದ್ರೆ ಅದು ರೂಮಿನ ತಂಪು ಗಾಳಿಯನ್ನೇ ಎಳ್ಕೊಂಡು ಬಿಸಿ ಮಾಡಿ ಹೊರಗೆ ದಬ್ಬುತ್ತದೆ, ಅಷ್ಟೇ ಗಾಳಿ ಹೊರಗಿಂದ ಸಂದಿ ಸಂದಿಯಲ್ಲಿ ಒಳಗೆ ಬರ್ಲೇಬೇಕಲ್ವಾ, ಬರುವುದು ಸೆಕೆಯ ಗಾಳಿಯೇ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ಲೆಕ್ಕ. ಬೆಳಗ್ಗೆ ಅಮ್ಮ ಹೇಳಿದ್ದು, "ರೈಸ್ ಮಿಲ್ಲಿನಲ್ಲಿ ಮಲಗಿ ಎದ್ದ ಹಾಗಾಯ್ತು." ಡಬ್ಬ ವಾಪಸ್ ಬಾವನ ಆಫೀಸಿಗೆ.

ಕೂಲರ್ ಹಾಕು ಅಂತ ಒಬ್ರು ಸಲಹೆ ಕೊಟ್ರು. ನೀರು ಆವಿಯಾದ್ರೆ ತಾನೇ ತಂಪು, ನಮ್ಮೂರ ಗಾಳಿಗೆ ನೀರು ಕುಡಿದು ಮೊದ್ಲೇ ಹೊಟ್ಟೆ ತುಂಬಿರ್ತದೆ. ಬಳ್ಳಾರಿ ರಾಯಚೂರಿನವರಿಗೆ ಸರಿ, ನಮಗಲ್ಲ.

ಕಿಟಕಿ ಎಸಿ ಬಗ್ಗೆ ಸ್ವಲ್ಪ ಆಸೆ ಇತ್ತು, ಮುಕ್ಕಾಲು ಟನ್ನಿನದ್ದು, ರೇಟೂ ಕಡ್ಮೆ, ಕೂರಿಸುವುದೂ ಸುಲಭ. ಆದ್ರೆ ಮೋಟರು, ಫ್ಯಾನು, ಕಂಪ್ರೆಸರ್ ಎಲ್ಲ ಒಂದೇ ತಗಡಿನ ಪೆಟ್ಟಿಗೆ, ಆ ಪೆಟ್ಟಿಗೆ ನಮ್ಮ ವ್ಯಾನಿನ ತಗಡಿಗೆ ಬೋಲ್ಟು. ಗಾಡಿಯೇ ಒಂದು ಚೆಂಡೆ ಆಗ್ತದೆ. ಅದ್ರ ಮೇಲೆ ನಾನು ನೋಡಿದ್ದು ಇನ್ವರ್ಟರ್ ಅಲ್ಲದ ಮಾಡೆಲ್, ಕಂಪ್ರೆಸರ್ ಒಂದೋ ಫುಲ್ ಓಡ್ತದೆ ಇಲ್ಲ ನಿಲ್ತದೆ. ನಿಂತು ಪುನಃ ಶುರು ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೀತದೆ, ನನ್ನ ಬ್ಯಾಟರಿ ಇನ್ವರ್ಟರ್ ಅದಕ್ಕೆ ಕೈ ಎತ್ತಿಬಿಡ್ತದೆ. ಮತ್ತೆ ನಿದ್ದೆ ಕೆಡಿಸುವುದು ಒಂದೇ ಸಮನೆ ಇರುವ ಸದ್ದು ಅಲ್ಲ, ನಿಂತು ನಿಂತು ಬರುವ ಸದ್ದು. "ಟಕ್" ಅಂದು ನಿಂತಾಗ ಒಮ್ಮೆ ಎಚ್ಚರ, "ಡರ್‌ರ್" ಅಂದು ಶುರುವಾದಾಗ ಇನ್ನೊಮ್ಮೆ.

ಆಮೇಲೆ ಹೊರದೇಶದವರು ಕ್ಯಾರವಾನಿಗೆ ಹಾಕುವ ರೂಫ್‌ಟಾಪ್ ಎಸಿ. ಇದು ನಿಜಕ್ಕೂ ಕ್ಯಾರವಾನಿಗೇ ಅಂತ ಮಾಡಿದ್ದು, ಡೊಮೆಟಿಕ್, ಟ್ರೂಮಾ ಎಲ್ಲ ಇದೇ ಧಂದೆಯವರು. ಮಾಡಿನಲ್ಲಿ ಚೌಕ ತೂತು ಕೊರೆದು (ಅಮೆರಿಕದ ಮಾಡೆಲ್‌ಗೆ 14 ಇಂಚು ಚೌಕ, ಯುರೋಪಿನದ್ದಕ್ಕೆ ಹೆಚ್ಚಾಗಿ 40 ಸೆಂಟಿಮೀಟರ್) ಮೇಲೆ ಇಟ್ಟು ಕೆಳಗಿಂದ ಬೋಲ್ಟ್ ಬಿಗಿದ್ರೆ ಮುಗೀತು. ತಂಪು ಜೋರಾಗಿಯೇ ಬರ್ತದೆ. ಆದ್ರೆ ಕಂಪ್ರೆಸರ್ ಇರುವುದು ನಿಮ್ಮ ನೆತ್ತಿ ಮೇಲೆ, ಆ ತೂತಿನಲ್ಲಿ ಗಾಳಿ ಮಾತ್ರ ಅಲ್ಲ ಸದ್ದೂ ಸೀದಾ ಇಳೀತದೆ. ಮೇಲೆ ಮೂವತ್ತು ಚಿಲ್ಲರೆ ಕೆಜಿ ಭಾರ, ಘಾಟಿ ತಿರುವಿನಲ್ಲಿ ಗಾಡಿ ಓಲಾಡುವುದು ಬೇರೆ. ಅಮೆರಿಕದ ಮಾಡೆಲ್ ಅಗ್ಗಕ್ಕೆ ಸಿಕ್ತು ಅಂತ ತಗೊಂಡ್ರೆ ಅದು 115 ವೋಲ್ಟ್ 60 ಹರ್ಟ್ಝ್, ನಮ್ಮದು 230 ವೋಲ್ಟ್ 50 ಹರ್ಟ್ಝ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಸರಿ ಮಾಡ್ತದೆ, ಹರ್ಟ್ಝ್ ಸರಿ ಮಾಡುವುದಿಲ್ಲ. ಪಾರ್ಟ್ಸ್ ಹೋದ್ರೆ ಉಡುಪಿಯಲ್ಲಿ ಯಾರನ್ನು ಕೇಳುವುದು ಅನ್ನುವುದು ಕೊನೆಯ ಮೊಳೆ.

ಲಾರಿಯವರು ಹಾಕುವ 12 ವೋಲ್ಟ್, 24 ವೋಲ್ಟ್ ಪಾರ್ಕಿಂಗ್ ಎಸಿ ಕೂಡ ನೋಡಿದೆ. ಬ್ಯಾಟರಿ ಇನ್ವರ್ಟರ್ ಬೇಡ, ಬ್ಯಾಟರಿಗೆ ಸೀದಾ, ಅದು ದೊಡ್ಡ ಅನುಕೂಲ. ಆದ್ರೆ 750 ವ್ಯಾಟ್ ಎಳೆದ್ರೆ 12 ವೋಲ್ಟಿನಲ್ಲಿ 62 ಆಂಪ್, ಹೆಬ್ಬೆರಳು ದಪ್ಪದ ಕೇಬಲ್ ಬೇಕು. ನಾನು ಪರಿಚಯದ ಲಾರಿಯೊಂದರಲ್ಲಿ ಕೂತು ಕೇಳಿದ್ದರಲ್ಲಿ ಫ್ಯಾನಿನದ್ದೇ ಜೋರು ಗಾಳಿ ಸದ್ದು. ಡ್ರೈವರಣ್ಣ ಅದರಡಿ ಸುಖವಾಗಿ ಗೊರಕೆ ಹೊಡೀತಾರಂತೆ, ಅವರ ಪುಣ್ಯ.

ಹಾಗೆ ಉಳಿದದ್ದು ಮನೆಗೆ ಹಾಕುವ ಸಾದಾ ಸ್ಪ್ಲಿಟ್ ಎಸಿ. ಕಂಪ್ರೆಸರ್ ಹೊರಗೆ, ಒಳಗೆ ಬರೀ ಬ್ಲೋವರ್. ಇನ್ವರ್ಟರ್ ಮಾಡೆಲ್ ಆದ್ರೆ ಕಂಪ್ರೆಸರ್ ನಿಲ್ಲದೆ ನಿಧಾನಕ್ಕೆ ಓಡ್ತಾ ಇರ್ತದೆ, ಶುರುವಾಗುವಾಗಲೂ ಮೆಲ್ಲ ಮೆಲ್ಲ ಏರ್ತದೆ, ಬ್ಯಾಟರಿಗೆ ಹೊಡೆತ ಇಲ್ಲ. ಅಂಗಡಿಯವ್ರು 1.5 ಟನ್ ತಗೊಳ್ಳಿ ಸರ್, ಗಾಡಿ ಅಲ್ವಾ ಬಿಸಿ ಜಾಸ್ತಿ ಅಂದ್ರು. ಇಲ್ಲಿ ಸ್ವಲ್ಪ ನಿಲ್ತೇನೆ, ಯಾಕಂದ್ರೆ ಸದ್ದು ಕಡ್ಮೆ ಆಗುವ ಮೊದಲ ಮೆಟ್ಟಿಲು ಇದು.

ನಮ್ಮ ವ್ಯಾನಿನ ಹಿಂದಿನ ಭಾಗ 11 ಅಡಿ ಉದ್ದ, ಐದೂಮುಕ್ಕಾಲು ಅಡಿ ಅಗಲ, ಆರಡಿ ಎತ್ತರ. ಮೇಲೆ ಕೆಳಗೆ ಸುತ್ತ ಎಲ್ಲ ಸೇರಿಸಿದ್ರೆ ಸುಮಾರು 30 ಚದರ ಮೀಟರ್ ತಗಡು. ಬರೀ ತಗಡಾದ್ರೆ ಹೊರಗೆ 34 ಒಳಗೆ 24 ಇಟ್ಕೊಂಡ್ರೆ ಒಂದೂವರೆ ಕಿಲೋವ್ಯಾಟ್‌ಗಿಂತ ಜಾಸ್ತಿ ಶಾಖ ಒಳಗೆ ನುಗ್ತದೆ, ಅದೂ ಬಿಸಿಲಿಲ್ಲದಾಗ. ಅದೇ ತಗಡಿಗೆ ಒಳಗಿಂದ ಒಂದು ಇಂಚಿನ ನೈಟ್ರೈಲ್ ರಬ್ಬರ್ ಫೋಮ್ ಅಂಟಿಸಿದ್ರೆ ಲೆಕ್ಕ 400 ವ್ಯಾಟ್ ಆಸುಪಾಸಿಗೆ ಇಳೀತದೆ. ಮಲಗಿದ ಮನುಷ್ಯ ಒಬ್ಬನದ್ದು ಎಪ್ಪತ್ತೆಂಬತ್ತು ವ್ಯಾಟ್. ಮೂರು ಜನ, ಸಂದಿಯಲ್ಲಿ ಬರುವ ಗಾಳಿ, ಅದ್ರ ನೀರು ಎಲ್ಲ ಸೇರಿಸಿದ್ರೂ ರಾತ್ರಿಗೆ ಒಂದು ಕಿಲೋವ್ಯಾಟ್ ತಂಪು ಸಾಕು. 1 ಟನ್ ಅಂದ್ರೆ ಮೂರೂವರೆ ಕಿಲೋವ್ಯಾಟ್. ಅಂಗಡಿಯವ್ರ ಮಾತು ಕೇಳಿ 1.5 ಟನ್ ಹಾಕಿದ್ರೆ ಅದ್ರ ಕಂಪ್ರೆಸರ್ ಎಷ್ಟು ನಿಧಾನ ಆದ್ರೂ ನಮಗೆ ಜಾಸ್ತಿಯೇ, ಐದು ನಿಮಿಷದಲ್ಲಿ ತಂಪು ಮಾಡಿ ನಿಲ್ತದೆ, ಪುನಃ ಶುರು, ಪುನಃ ನಿಲ್ತದೆ. ನಿಂತಾಗ ಗಾಳಿಯ ಪಸೆ ಹೋಗುವುದಿಲ್ಲ, ಚಳಿಯೂ ಆಗ್ತದೆ ಮೈಯೂ ಅಂಟ್ತದೆ, ಶವಾಗಾರದ ಹಾಗೆ. ಹಾಗಾಗಿ ಮಾರ್ಕೆಟಲ್ಲಿ ಸಿಗುವ ಅತಿ ಸಣ್ಣದು, 0.8 ಟನ್ ಇನ್ವರ್ಟರ್ ಸ್ಪ್ಲಿಟ್ ತಗೊಂಡೆ. ಒಳಗಿನ ಡಬ್ಬ ಎರಡೂವರೆ ಅಡಿ ಚಿಲ್ಲರೆ ಉದ್ದ, ಹೊರಗಿನದ್ದು 24 ಕೆಜಿ, ಮನೆ ತೂಕದಲ್ಲಿ ನಾನೇ ಇಟ್ಟು ನೋಡಿದ್ದು. ಫೋಮ್ ಅಂಟಿಸ್ಲಿಕ್ಕೆ ಮೂರು ವಾರಾಂತ್ಯ ಹೋಯ್ತು, ಅಂಟಿನ ವಾಸನೆಗೆ ಹೆಂಡತಿ ನನ್ನನ್ನು ಊಟಕ್ಕೂ ಹೊರಗೇ ಕೂರಿಸಿದ್ಳು.

ಬ್ರೋಷರ್‌ನ ಡೆಸಿಬಲ್ ಬಗ್ಗೆ ಒಂದು ಮಾತು. ಅಲ್ಲಿ ದಪ್ಪಕ್ಷರದಲ್ಲಿ ಬರೆಯುವುದು ಒಳಗಿನ ಡಬ್ಬದ್ದು, ಅದೂ ಫ್ಯಾನ್ ಅತಿ ನಿಧಾನ ಇದ್ದಾಗ. ಯುರೋಪಿನ ಲೇಬಲ್‌ನಲ್ಲಿ ಕೊಡುವುದು ಸೌಂಡ್ ಪವರ್, ಅಂದ್ರೆ ಮೆಷಿನ್ ಒಟ್ಟು ಹೊರಡಿಸುವ ಸದ್ದು, ಬ್ರೋಷರ್‌ನಲ್ಲಿ ಹೆಚ್ಚಾಗಿ ಕೊಡುವುದು ಇಷ್ಟು ದೂರದಲ್ಲಿ ಕೇಳುವ ಸೌಂಡ್ ಪ್ರೆಶರ್, ಒಂದೇ ಮೆಷಿನ್ನಿಗೆ ಈ ಎರಡು ನಂಬರ್ ನಡುವೆ ಹತ್ತರಷ್ಟು ವ್ಯತ್ಯಾಸ ಬರ್ಲಿಕ್ಕೂ ಸಾಕು. 10 ಡೆಸಿಬಲ್ ಅಂದ್ರೆ ಕಿವಿಗೆ ಸುಮಾರು ಎರಡು ಪಟ್ಟು. ಅಂದ್ರೆ ಯಾವ ನಂಬರನ್ನು ಯಾವುದಕ್ಕೆ ಹೋಲಿಸ್ತಾ ಇದ್ದೀರಿ ಅಂತ ನೋಡದೆ "ಇದು 19, ಅದು 32" ಅಂತ ಕುಣಿದ್ರೆ ಪ್ರಯೋಜನ ಇಲ್ಲ.

ಕೂರಿಸುವ ಕೆಲಸಕ್ಕೆ ಕಂಪನಿ ಕಡೆಯವ್ರು ಬರ್ಲಿಲ್ಲ, ಗಾಡಿಗೆ ಹಾಕಿದ್ರೆ ವಾರಂಟಿ ಇಲ್ಲ ಅಂತ ಮೊದ್ಲೇ ಹೇಳಿದ್ರು, ಅದು ಸರಿಯೇ. ನಮ್ಮೂರಿನ ಎಸಿ ಮೆಕ್ಯಾನಿಕ್ ಅಣ್ಣ ಒಬ್ರು ಇದ್ದಾರೆ, ಮೂವತ್ತು ವರ್ಷದ ಕೈ. ಅವರನ್ನು ಒಪ್ಪಿಸ್ಲಿಕ್ಕೆ ಎರಡು ಸಲ ಚಾ ಕುಡಿಸ್ಬೇಕಾಯ್ತು. ಒಳಗಿನ ಡಬ್ಬವನ್ನು ಡ್ರೈವರ್ ಸೀಟಿನ ಹಿಂದಿನ ಪಾರ್ಟಿಷನ್ ಮೇಲೆ, ನಮ್ಮ ಕಾಲ ಬದಿಗೆ ಹಾಕಿದ್ದು, ತಲೆ ಮೇಲೆ ಗಾಳಿ ಬೀಳ್ಬಾರ್ದು ಅಂತ. ಪ್ಲೈವುಡ್ ಹಲಗೆಗೆ ಬಿಗಿದು ಹಲಗೆಯ ಹಿಂದೆ ರಬ್ಬರ್. ಹೊರಗಿನ ಡಬ್ಬ ಹಿಂದಿನ ಬಾಗಿಲ ಒಳಗೆ, ಮಂಚದ ಅಡಿ ಒಂದು ಖಾನೆ ಮಾಡಿ, ಬಾಗಿಲಿಗೆ ಗಾಳಿ ಆಡುವ ಜಾಲರಿ ಹಾಕಿ ಇಟ್ಟೆವು. ಹೊರಗೆ ಸ್ಟ್ಯಾಂಡ್ ಮಾಡಿ ನೇತಾಕಿದ್ರೆ ಲೈಟು, ನಂಬರ್ ಪ್ಲೇಟು ಮುಚ್ತದೆ, ಕೆಳಗೆ ಚಾಸಿಗೆ ಕಟ್ಟಿದ್ರೆ ಮಳೆಗಾಲದ ಕೆಸರು ಸೀದಾ ಅದ್ರ ಮುಖಕ್ಕೆ.

ಎಸಿಯೊಳಗೆ ತಂಪು ಮಾಡುವ ಗ್ಯಾಸ್ ಆರ್32. ಇದು ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗ್ಯಾಸು, ಹಾಗಾಗಿ ಪೈಪಿನ ಜಾಯಿಂಟ್ ಒಂದೂ ಮಲಗುವ ಜಾಗದಲ್ಲಿ ಬರ್ಬಾರ್ದು ಅಂತ ಹಠ ಹಿಡಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 300 ಗ್ರಾಂ ಸೇರಿದ್ರೆ ಮಾತ್ರ ಅದಕ್ಕೆ ಬೆಂಕಿ ಹಿಡೀತದೆ, ನಮ್ಮ ಎಸಿಯಲ್ಲಿ ಇರುವುದೇ ಅರ್ಧ ಕೆಜಿ, ವ್ಯಾನಿನೊಳಗೆ ಹನ್ನೊಂದು ಘನ ಮೀಟರ್ ಉಂಟು, ಲೆಕ್ಕದಲ್ಲಿ ಹೆದರಿಕೆ ಇಲ್ಲ. ಆದ್ರೆ ಅದು ಗಾಳಿಗಿಂತ ಭಾರ, ಕೆಳಗೆ ಕೂರ್ತದೆ, ನಮ್ಮ ಸ್ಟವ್ ಇರುವುದೂ ಕೆಳಗೆ. ಲೆಕ್ಕಕ್ಕಿಂತ ಎಚ್ಚರ ಒಳ್ಳೇದು.

ಮೊದಲ ಸಲ ಆನ್ ಮಾಡಿದ ದಿನ ನಾನೂ ಅಣ್ಣನೂ ಒಳಗೆ ಕೂತು ಮುಖ ಮುಖ ನೋಡಿಕೊಂಡೆವು, ಆಹಾ, ಫ್ಯಾನಿನ ಸುಯ್ ಬಿಟ್ರೆ ಏನಿಲ್ಲ. ಅರ್ಧ ಗಂಟೆ ಆದ ಮೇಲೆ ಹಿಂದಿನಿಂದ ಹೊರಗಿನ ಡಬ್ಬದ ಫ್ಯಾನು ಕಿರುಚ್ಲಿಕ್ಕೆ ಶುರು. ಬಾಗಿಲು ತೆಗೆದು ನೋಡಿದ್ರೆ ಖಾನೆಯೊಳಗೆ ಥರ್ಮಾಮೀಟರ್ 52 ಡಿಗ್ರಿ. ಡಬ್ಬ ಬಿಟ್ಟ ಬಿಸಿ ಗಾಳಿ ಜಾಲರಿಯಲ್ಲಿ ಪೂರ್ತಿ ಹೊರಗೆ ಹೋಗದೆ ಬದಿಯಿಂದ ತಿರುಗಿ ಬಂದು ಅದೇ ಡಬ್ಬದ ಬೆನ್ನಿಗೆ ಸೇರ್ತಾ ಇತ್ತು, ತಾನು ಬಿಟ್ಟ ಉಸಿರನ್ನೇ ತಾನು ಎಳ್ಕೊಳ್ಳುವುದು. ಬಿಸಿ ಏರಿದ ಹಾಗೆ ಕಂಪ್ರೆಸರಿಗೆ ಕಷ್ಟ, ಫ್ಯಾನಿಗೆ ಸ್ಪೀಡು, ನಮಗೆ ಸದ್ದು. ಪರಿಹಾರ ಪುಕ್ಕಟೆ: ಫೋಮಿನ ತುಂಡು ಕತ್ತರಿಸಿ ಡಬ್ಬದ ಸುತ್ತ, ಖಾನೆಯ ಗೋಡೆಗೂ ಅದಕ್ಕೂ ನಡುವೆ ಗಿಡಿದೆವು, ಮುಂದಿನ ಗಾಳಿ ಬೇರೆ ಹಿಂದಿನ ಗಾಳಿ ಬೇರೆ. ಗಾಳಿ ಎಳ್ಕೊಳ್ಳಿಕ್ಕೆ ನೆಲದಲ್ಲಿ ಒಂದು ದೊಡ್ಡ ಕಿಂಡಿ, ಅದಕ್ಕೆ ಇಲಿ ಬಾರದ ಜಾಲರಿ. ಖಾನೆ 38ಕ್ಕೆ ಇಳೀತು, ಫ್ಯಾನ್ ಸುಮ್ಮನಾಯ್ತು.

ಈಗ ಬಂತು ನೋಡಿ ನಿಜವಾದ ಭೂತ.

ಅಂಗಳದಲ್ಲೇ ಮೂವರೂ ಮಲಗಿದ ಮೊದಲ ರಾತ್ರಿ. ಹತ್ತು ಗಂಟೆಗೆ ಎಲ್ಲ ಚಂದ. ಹನ್ನೊಂದೂವರೆಗೆ ಒಳಗೆ ತಂಪಾಗಿ ಕಂಪ್ರೆಸರ್ ನಿಧಾನ ಆಯ್ತು, ಆವಾಗ ಸದ್ದು ಕಡ್ಮೆ ಆಗ್ಬೇಕಲ್ವಾ, ಆಗ್ಲಿಲ್ಲ, ಮಂಚದ ಹಲಗೆಯಿಂದ ಗುಂಯ್ ಅಂತ ಒಂದು ಶುರುವಾಯ್ತು. ಕಿವಿಯಲ್ಲಿ ಕೇಳುವುದಕ್ಕಿಂತ ಎದೆಯಲ್ಲಿ ಕೇಳ್ತದೆ. ಫೋನಿನ ಡೆಸಿಬಲ್ ಆ್ಯಪ್ ನೋಡಿದ್ರೆ ಬರೀ 38, ಮೊದ್ಲು 41 ಇತ್ತು. ಆ್ಯಪ್ ಪ್ರಕಾರ ಸದ್ದು ಕಡ್ಮೆ ಆಗಿದೆ, ಅಮ್ಮನ ಪ್ರಕಾರ "ಯಾರೋ ತಲೆದಿಂಬಿನಡಿ ಸಾಂಬಾರು ಪುಡಿ ರುಬ್ತಾ ಇದ್ದಾರೆ". ಇಬ್ರೂ ಸರಿ ಮಾರಾಯ್ರೆ. ಡೆಸಿಬಲ್ ಮುಂದೆ 'ಎ' ಅಂತ ಒಂದು ಅಕ್ಷರ ಇರ್ತದೆ, ಅದು ಮನುಷ್ಯರ ಕಿವಿಗೆ ಹೊಂದುವ ಹಾಗೆ ತಗ್ಗಿನ ಸ್ವರಗಳನ್ನು ಕಡ್ಮೆ ಲೆಕ್ಕ ಹಾಕ್ತದೆ, 100 ಹರ್ಟ್ಝ್ (ಸೆಕೆಂಡಿಗೆ ನೂರು ಸಲ ನಡುಗುವ) ಸದ್ದಿಗೆ 19 ಡೆಸಿಬಲ್, 50 ಹರ್ಟ್ಝ್‌ಗೆ 30 ಡೆಸಿಬಲ್ ಕಳೆದೇ ತೋರಿಸ್ತದೆ. ಗುಂಯ್ ಅನ್ನುವುದು ಪೂರ್ತಿ ಆ ತಗ್ಗಿನ ಸ್ವರವೇ. ಅದೂ ಗಾಳಿಯಲ್ಲಿ ಬಂದದ್ದಲ್ಲ, ಕಬ್ಬಿಣದಲ್ಲಿ ನಡ್ಕೊಂಡು ಬಂದದ್ದು.

ಟಾರ್ಚ್ ಹಿಡ್ಕೊಂಡು ಒಂದೊಂದೇ ತಗಡಿಗೆ ಅಂಗೈ ಇಟ್ಟು ನೋಡ್ತಾ ಹೋದೆ. ಎಡಗಡೆ ಹಿಂದಿನ ಬಾಗಿಲು ಇರುವೆ ಹರಿದ ಹಾಗೆ ನಡುಗ್ತಾ ಇತ್ತು, ಕೈ ಒತ್ತಿ ಹಿಡಿದ್ರೆ ಸದ್ದು ಅರ್ಧ ಆಗ್ತದೆ. ಮಾರನೇ ದಿನ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ಹೀರುವ ಅಂಟು ಹಾಳೆ) ತಂದು ಅಂಟಿಸಿದೆ. ಇದನ್ನು ಪೂರ್ತಿ ತಗಡಿಗೆ ಅಂಟಿಸುವ ಅಗತ್ಯ ಇಲ್ಲ, ಪ್ಯಾನೆಲ್ ನಡುವೆ ಕಾಲು ಭಾಗ ಮುಚ್ಚಿದ್ರೂ ತಗಡು ಬಾಯಿ ಮುಚ್ತದೆ, ಕಾರಿನವರು ಪೂರ್ತಿ ಅಂಟಿಸಿ ದುಡ್ಡು ತಗೊಳ್ತಾರೆ ಅದು ಬೇರೆ. ಬಾಗಿಲು ಸುಮ್ಮನಾಯ್ತು, ಗುಂಯ್ ಮಾತ್ರ ಪೂರ್ತಿ ಹೋಗ್ಲಿಲ್ಲ.

ತಪ್ಪು ಡಬ್ಬದ ಕಾಲಡಿ ಇತ್ತು. ನಾನು ಹಾಕಿದ್ದು ಒಂದೂವರೆ ಇಂಚು ದಪ್ಪದ ಗಟ್ಟಿ ರಬ್ಬರ್ ಪ್ಯಾಡ್, ಜನರೇಟರ್ ಕೆಳಗೆ ಹಾಕುವಂಥದ್ದು, ದಪ್ಪ ಇದ್ದಷ್ಟು ಒಳ್ಳೇದು ಅಂತ ಅಂದಾಜು. ಆದ್ರೆ ರಬ್ಬರ್ ಕೆಲಸ ಮಾಡುವುದು ದಪ್ಪದಿಂದ ಅಲ್ಲ, ತಗ್ಗುವುದರಿಂದ. 24 ಕೆಜಿ ಡಬ್ಬ, ನಾಲ್ಕು ಕಾಲು, ಒಂದು ಕಾಲಿಗೆ 6 ಕೆಜಿ. ನೂರಾರು ಕೆಜಿ ಹೊರುವ ಪ್ಯಾಡಿಗೆ 6 ಕೆಜಿ ಅಂದ್ರೆ ಸೊಳ್ಳೆ ಕೂತ ಹಾಗೆ, ಅರ್ಧ ಮಿಲಿಮೀಟರ್ ಕೂಡ ತಗ್ಗಿರ್ಲಿಕ್ಕಿಲ್ಲ. ಇದಕ್ಕೊಂದು ಸುಲಭ ಸೂತ್ರ ಉಂಟು: ಭಾರಕ್ಕೆ ಎಷ್ಟು ಮಿಲಿಮೀಟರ್ ತಗ್ತದೋ ಅದ್ರ ವರ್ಗಮೂಲದಿಂದ 15.8ನ್ನು ಭಾಗಿಸಿದ್ರೆ ಅದು ತಾನಾಗಿ ಕುಣಿಯುವ ಹರ್ಟ್ಝ್ ಸಿಗ್ತದೆ. ಅರ್ಧ ಮಿಲಿಮೀಟರಿಗೆ 22 ಹರ್ಟ್ಝ್. ನಮ್ಮ ಕಂಪ್ರೆಸರ್ ರಾತ್ರಿ ನಿಧಾನಕ್ಕೆ ತಿರುಗುವಾಗ ಯಾವ ಹರ್ಟ್ಝ್‌ನಲ್ಲಿ ಸದ್ದು ಎಷ್ಟು ಅಂತ ತೋರಿಸುವ ಫೋನಿನ ಸ್ಪೆಕ್ಟ್ರಮ್ ಆ್ಯಪಿನಲ್ಲಿ ಗೆರೆ ಏಳ್ತಾ ಇದ್ದದ್ದು 26, 27ರ ಹತ್ರ. ಜೋಕಾಲಿಯನ್ನು ಅದ್ರ ತಾಳಕ್ಕೇ ದೂಡಿದ ಹಾಗೆ ಆಗಿತ್ತು! ಫುಲ್ ಸ್ಪೀಡಲ್ಲಿ ಓಡುವಾಗ ತಾಳ ತಪ್ಪಿ ಸುಮ್ಮನಿರ್ತದೆ, ನಿಧಾನ ಆದಾಗ ತಾಳ ಸೇರಿ ಗುಂಯ್. ಅಂದ್ರೆ ನಾನು ದುಡ್ಡು ಕೊಟ್ಟು ತಂದ ಪ್ಯಾಡು ಸದ್ದನ್ನು ತಡೆಯುವುದು ಬಿಟ್ಟು ಜಾಸ್ತಿ ಮಾಡ್ತಾ ಇತ್ತು.

ಬೇಕಾದದ್ದು 6 ಕೆಜಿಗೆ ಆರೇಳು ಮಿಲಿಮೀಟರ್ ತಗ್ಗುವಂಥದ್ದು. ರಬ್ಬರಿನಲ್ಲಿ ಅಷ್ಟು ಮೆತ್ತಗಿನದ್ದು ಸಿಗ್ಲಿಲ್ಲ, ಸ್ಪ್ರಿಂಗ್ ಮಾಡಿಕೊಡುವವರ ಹತ್ರ ಸಣ್ಣ ಸಣ್ಣ ಸ್ಪ್ರಿಂಗ್ ಮೂರು ತರದ್ದು ತಂದೆ. ಪರೀಕ್ಷೆ ಅಡುಗೆಮನೆಯಲ್ಲಿ. ಕುಚ್ಚಲಕ್ಕಿ 6 ಕೆಜಿ ತೂಗಿ ಚೀಲಕ್ಕೆ ಹಾಕಿ, ಒಂದೊಂದೇ ಸ್ಪ್ರಿಂಗನ್ನು ಪೈಪಿನ ತುಂಡಿನೊಳಗೆ ನಿಲ್ಲಿಸಿ, ಮೇಲೆ ಹಲಗೆ, ಹಲಗೆ ಮೇಲೆ ಚೀಲ, ಪಕ್ಕದಲ್ಲಿ ಮಗುವಿನ ಸ್ಕೇಲಿನ ಹಾಗೆ ಒಂದು ಅಡಿಕೋಲು. ಮೊದಲನೇದು 2 ಮಿಲಿಮೀಟರ್, ಎರಡನೇದು ಪೂರ್ತಿ ಕೂತೇಬಿಟ್ಟಿತು, ಮೂರನೇದು 6 ಚಿಲ್ಲರೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಅಕ್ಕಿ ಚೆಲ್ಲಿದ್ರೆ ಎಸಿಯೂ ಬೇಡ ವ್ಯಾನೂ ಬೇಡ" ಅಂತ ಹೇಳಿ ಹೋದ್ರು. ಮೂರನೇ ತರದ್ದು ನಾಲ್ಕು ತಂದು, ಮೇಲೆ ಕೆಳಗೆ ರಬ್ಬರ್ ಬಟ್ಟಲು ಕೊಟ್ಟು ಕೂರಿಸಿದೆ. ಆ ರಾತ್ರಿ ಹನ್ನೊಂದೂವರೆಗೆ ಎಲ್ರೂ ಉಸಿರು ಬಿಗಿ ಹಿಡ್ಕೊಂಡು ಕಾದೆವು, ಕಂಪ್ರೆಸರ್ ನಿಧಾನ ಆದದ್ದು ವ್ಯಾಟ್ ಮೀಟರಿನಲ್ಲಿ ಮಾತ್ರ ಗೊತ್ತಾಯ್ತು.

ಸ್ಪ್ರಿಂಗ್ ಹಾಕಿದ್ಮೇಲೆ ಇನ್ನೊಂದು ಉಪದ್ರ ಏನಂದ್ರೆ ಗಾಡಿ ಓಡುವಾಗ ಡಬ್ಬ ಗೋಲಿಯ ಹಾಗೆ ಹಾರ್ತದೆ. ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಉದ್ದ ಬೋಲ್ಟು, ಕೈಯಲ್ಲಿ ತಿರುಗಿಸುವ ಚಿಟ್ಟೆ ನಟ್ಟು, ಹೊರಡುವ ಮೊದಲು ಬಿಗಿಯುವುದು, ನಿಲ್ಲಿಸಿದ ಮೇಲೆ ಸಡಿಲ ಮಾಡುವುದು. ಒಳ್ಳೇ ಉಪಾಯ, ಬಿಗೀಲಿಕ್ಕೆ ನೆನಪಿದ್ರೆ. ಹಂಪಿಗೆ ಹೊರಟ ದಿನ ನಾನು ಮರೆತೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಹಿಂದೆ ಏನೋ ದಡ ದಡ ಅಂತಿತ್ತು, ಪಾತ್ರೆ ಇರ್ಬೇಕು ಅಂದ್ಕೊಂಡೆ. ಹಂಪಿಯಲ್ಲಿ 39 ಡಿಗ್ರಿ, ಕಲ್ಲೆಲ್ಲ ಕೆಂಡ, ಎಸಿ ಆನ್ ಮಾಡಿದ್ರೆ ಬರೀ ಫ್ಯಾನು. ತಾಮ್ರದ ಪೈಪು ನಟ್ಟಿನ ಹತ್ರ ಕೂದಲೆಳೆಯಷ್ಟು ಸೀಳಿತ್ತು, ಸುತ್ತ ಎಣ್ಣೆಯ ಪಸೆ, ಸೋಪು ನೀರು ಹಾಕಿದ್ರೆ ಸಣ್ಣ ಗುಳ್ಳೆ. ಹೊಸಪೇಟೆಯ ಮೆಕ್ಯಾನಿಕ್ ಒಬ್ರು ಬಂದು ನೋಡಿ "ಇದಕ್ಕ ಪೈಪು ಸೀದಾ ಎಳದಾರ್ರೀ, ಸುರುಳಿ ಬೇಕಿತ್ತು" ಅಂದ್ರು. ನಾನೇ ಜಾಗ ಉಳಿಸ್ಲಿಕ್ಕೆ ಸೀದಾ ಎಳೆಸಿದ್ದು, ಅಣ್ಣ ಬೇಡ ಅಂದ್ರೂ. ಅವರು ಪೈಪಿಗೆ ಒಂದು ದೊಡ್ಡ ಸುತ್ತು ಕೊಟ್ಟು, ನಟ್ಟಿಗೆ ಕೂರುವ ಹಾಗೆ ಪೈಪಿನ ಬಾಯಿ ಅಗಲಿಸಿ ಹೊಸ ಫ್ಲೇರ್ ಮಾಡಿ, ನೈಟ್ರೋಜನ್ ತುಂಬಿ ಸೋರ್ತದಾ ನೋಡಿ, ವ್ಯಾಕ್ಯೂಮ್ ಎಳೆದು, ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದ್ರು. ತೂಗಿ ಹಾಕುವವರು ಸಿಕ್ಕಿದ್ರೆ ಬಿಡ್ಬೇಡಿ, ಕೈಯಂದಾಜಿನವರೇ ಜಾಸ್ತಿ. ಈಗ ಸ್ಟೇರಿಂಗಿಗೆ ಒಂದು ಕೆಂಪು ರಿಬ್ಬನ್ ಉಂಟು, ಬೋಲ್ಟ್ ಬಿಗಿದ ಮೇಲೆ ಮಾತ್ರ ಬಿಚ್ಚುವುದು.

ಹಂಪಿಯಲ್ಲಿ ಒಂದು ವಿಷಯ ಗೊತ್ತಾಯ್ತು, ಒಣ ಗಾಳಿಯಲ್ಲಿ ಎಸಿಗೆ ರಾತ್ರಿ ಕೆಲಸವೇ ಇಲ್ಲ, 250 ವ್ಯಾಟ್‌ನಲ್ಲಿ ಕೂತಿರ್ತದೆ. ನಮ್ಮ ಕರಾವಳಿಯಲ್ಲಿ ಅದೇ 24 ಡಿಗ್ರಿಗೆ ಮೊದಲ ಎರಡು ಗಂಟೆ 500 ದಾಟ್ತದೆ, ನೀರು ಹಿಂಡುವ ಕೆಲಸ ಅದು. ಉಡುಪಿಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬ್ಯಾಟರಿಯಿಂದ 3.4 ಯೂನಿಟ್ ಹೋಯ್ತು. ನಮ್ಮದು 25.6 ವೋಲ್ಟ್ 200 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 5.1 ಯೂನಿಟ್, ಹಾಗಾಗಿ ಒಂದು ರಾತ್ರಿ ಧಾರಾಳ, ಎರಡನೇ ರಾತ್ರಿಗೆ ಪ್ಲಗ್ಗು ಹುಡುಕ್ಬೇಕು.

ಗಾಳಿ ಬಗ್ಗೆ ಮರೀಬೇಡಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ತಿರುಗಿಸ್ತದೆ, ಇಷ್ಟು ಸಣ್ಣ ಡಬ್ಬದಲ್ಲಿ ಮೂರು ಜನ ಪೂರ್ತಿ ಮುಚ್ಚಿ ಮಲಗಿದ್ರೆ ಬೆಳಗ್ಗೆ ತಲೆ ಸಿಡೀತದೆ. ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನ್ ಒಂದನ್ನು ಮಾಡಿನ ಕಿಂಡಿಗೆ ಹಾಕಿ ಅರ್ಧ ಸ್ಪೀಡಲ್ಲಿ ಬಿಟ್ಟಿದ್ದೇನೆ, ಕೇಳುವುದೇ ಇಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಒಂದು ಉಂಟು, ನಮ್ಮಲ್ಲಿ ಜನರೇಟರ್ ಇಲ್ಲದಿದ್ರೂ ಪಕ್ಕದ ಗಾಡಿಯವ್ರಲ್ಲಿ ಇರ್ಬಹುದಲ್ಲ.

ಹೊರಗಿನವರ ಕಿವಿಯೂ ಲೆಕ್ಕವೇ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿ ಜಾಗಕ್ಕೆ ರಾತ್ರಿ ಹತ್ತರಿಂದ ಆರರವರೆಗೆ 45 ಡೆಸಿಬಲ್. ಹಿಂದಿನ ಬಾಗಿಲಿನಿಂದ ಮೂರು ಮೀಟರ್ ದೂರದಲ್ಲಿ ನನ್ನ ಆ್ಯಪ್ 42, 43 ತೋರಿಸ್ತದೆ, ಫೋನಿನ ಮೈಕು ಕೋರ್ಟಿಗೆ ಆಗುವಂಥದ್ದಲ್ಲ, ಆದ್ರೂ ಪಕ್ಕದ ಟೆಂಟಿನವರು ಬೈದಿಲ್ಲ. ಮರವಂತೆಯಲ್ಲಿ ನಿಲ್ಲಿಸಿದ್ದಾಗ ಆ್ಯಪ್ 55 ತೋರಿಸ್ತಿತ್ತು, ಎಸಿ ಆಫ್ ಇದ್ದಾಗ! ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೈವೇ 66ರ ಲಾರಿಗಳು, ಅಲ್ಲಿ ಮಿಕ್ಸಿ ಇಟ್ರೂ ಯಾರೂ ಕೇಳುವುದಿಲ್ಲ. ಪರೀಕ್ಷೆ ಮಾಡುವುದಾದ್ರೆ ಮನೆಯಂಗಳವೇ ಸರಿ. ಕಡಲ ಬದಿ ನಿಲ್ಲಿಸಿ ಬಂದ್ರೆ ಹೊರಗಿನ ಡಬ್ಬದ ರೆಕ್ಕೆಗಳಿಗೆ ಸಿಹಿನೀರು ಚಿಮುಕಿಸಿ ತೊಳೀಲೇಬೇಕು, ಉಪ್ಪು ಅಲ್ಯುಮಿನಿಯಮ್ಮನ್ನು ಬಿಡುವುದಿಲ್ಲ.

ಇಷ್ಟೆಲ್ಲ ಆದ್ಮೇಲೆ ಒಂದು ತಮಾಷೆ. ಎಸಿ ಸುಮ್ಮನಾದ ಕೂಡ್ಲೇ ಇಷ್ಟು ದಿನ ಅದ್ರ ಹಿಂದೆ ಅಡಗಿದ್ದ ಸದ್ದುಗಳೆಲ್ಲ ಒಂದೊಂದೇ ಎದ್ದು ಬಂದ್ವು. ಬ್ಯಾಟರಿ ಇನ್ವರ್ಟರಿನ ಕೂಲಿಂಗ್ ಫ್ಯಾನು ಅಮ್ಮನ ತಲೆದಿಂಬಿನ ಸೀದಾ ಕೆಳಗೆ, ಹತ್ತು ನಿಮಿಷಕ್ಕೊಮ್ಮೆ ಬಿರ್‌ರ್ ಅಂತದೆ. ಅದನ್ನು ಡ್ರೈವರ್ ಸೀಟಿನ ಹಿಂದೆ ಗಾಳಿಯಾಡುವ ಪೆಟ್ಟಿಗೆಗೆ ಸಾಗಿಸಿದೆ, ಒಂದು ಭಾನುವಾರ ಕೇಬಲ್ಲಿಗೇ ಹೋಯ್ತು. ರಿಮೋಟ್ ಒತ್ತಿದ್ರೆ ಕೀಂಕ್ ಅನ್ನುವುದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿದೆ, ಎಸಿಯಲ್ಲಿ ಡಿಗ್ರಿ ತೋರಿಸುವ ನಂಬರ್ ಲೈಟಿಗೆ ಕಪ್ಪು ಟೇಪು.

ಕೊನೆಗೆ ಉಳಿದದ್ದು ನೀರು. ಕರಾವಳಿಯ ಒಂದು ರಾತ್ರಿಗೆ ಎಸಿ ಮೂರು ಲೀಟರ್ ಹತ್ರ ನೀರು ಬಿಡ್ತದೆ, ಅದ್ರ ಪೈಪು ಗಾಡಿಯಡಿ ಬಂದು ಸ್ಟೆಪ್ನಿಯ ರಿಮ್ಮಿನ ಮೇಲೆ ಟಪ್, ಟಪ್, ಟಪ್. ಪೈಪ್ ಉದ್ದ ಮಾಡಿದ್ರೆ ರೋಡಿಗೆ ತಾಗ್ತದೆ, ಅಡ್ಡ ತಿರುಗಿಸಿದ್ರೆ ಇಳಿಜಾರು ಸಾಲುವುದಿಲ್ಲ. ಸ್ಪಂಜ್ ಕಟ್ಟಿದೆ, ಒಂದು ಗಂಟೆಯಲ್ಲಿ ನೆನೆದು ಪುನಃ ಟಪ್. ಬಕೆಟ್ ಇಟ್ಟೆ, ಬಕೆಟಿನೊಳಗೆ ಟಪ್ಪಿಗೆ ಇನ್ನೂ ಒಳ್ಳೇ ಪ್ರತಿಧ್ವನಿ. ನಾನು ಗಾಡಿಯಡಿ ಮಲಗಿ ಪೈಪು ನೋಡ್ತಾ ಇರುವಾಗ ಅಮ್ಮ ಕೈಯಲ್ಲಿ ಮಲ್ಲಿಗೆ ಕಟ್ಟುವ ಬಾಳೆನಾರು ಹಿಡ್ಕೊಂಡು ಬಂದು, "ಇದನ್ನು ಪೈಪಿನ ಬಾಯಿಗೆ ಕಟ್ಟಿ ನೆಲದವರೆಗೆ ಬಿಡು, ನೀರು ನಾರು ಹಿಡ್ಕೊಂಡು ಇಳೀತದೆ" ಅಂದ್ರು. ಕಟ್ಟಿದೆ. ಹನಿ ಪೈಪಿನ ಬಾಯಲ್ಲಿ ಕೂಡಿ, ಒಂದು ಕ್ಷಣ ನಿಂತು, ನಾರನ್ನು ಹಿಡ್ಕೊಂಡು ಮೆಲ್ಲಗೆ ಮರಳಿಗೆ ಜಾರಿತು. ಅಮ್ಮ ಉಳಿದ ನಾರನ್ನು ಸೊಂಟಕ್ಕೆ ಸಿಕ್ಕಿಸ್ಕೊಂಡು ಒಳಗೆ ಹೋದ್ರು. ಒಣಗಿ ಹರಿದ್ರೆ ಬದಲಿಸ್ಲಿಕ್ಕೆ ಅಂತ ಡ್ಯಾಶ್‌ಬೋರ್ಡಿನಲ್ಲಿ ಈಗ ಒಂದು ಕಟ್ಟು ಬಾಳೆನಾರು ಇಟ್ಟಿದ್ದೇನೆ, ಸ್ಪ್ಯಾನರ್ ಪಕ್ಕದಲ್ಲಿ.